ಹವಳದ ಕಾಯಿಲೆಗೊಂದು ಕಪಾಟು

ಚೆನ್ನೈನ ಜಾರ್ಜ್ ಟೌನಿನಲ್ಲಿ ಹವಳದ ಹೆಸರಿನ ಬೀದಿಯೊಂದಿದೆ. ತಮಿಳರಿಗೆ ಅದು ಪವಳಕ್ಕಾರ ತೆರು, ಇಂಗ್ಲಿಷ್ ಫಲಕದಲ್ಲಿ ಕೋರಲ್ ಮರ್ಚೆಂಟ್ ಸ್ಟ್ರೀಟ್. ಬೆಳಗಾದರೆ ಕೈಗಾಡಿ, ಟೆಂಪೊ, ತಲೆಹೊರೆ, ಬೈಗುಳ, ಕಾಫಿ ವಾಸನೆ. ಹವಳ ಮಾತ್ರ ಹುಡುಕಿದರೂ ಸಿಗದು. ಮುನ್ನೂರು ವರ್ಷಗಳ ಹಿಂದೆ ಯಹೂದಿ ವರ್ತಕರು ಮೆಡಿಟರೇನಿಯನ್ ಕಡಲಿನ ಕೆಂಪು ಹವಳವನ್ನು ಹಡಗಿನಲ್ಲಿ ಮದ್ರಾಸಿಗೆ ತರುತ್ತಿದ್ದರು, ಹಿಂದಿರುಗುವಾಗ ಗೋಲ್ಕೊಂಡದ ವಜ್ರ ಒಯ್ಯುತ್ತಿದ್ದರು. ವ್ಯಾಪಾರ ಮುಳುಗಿತು, ಹೆಸರು ಬೀದಿಯಲ್ಲಿ ಉಳಿಯಿತು.

ನಮಗೂ ಹವಳವೆಂದರೆ ಮೊದಲು ನೆನಪಾಗುವುದು ಕುಜದೋಷಕ್ಕೆ ಹಾಕಿಕೊಳ್ಳುವ ಉಂಗುರ, ಅಜ್ಜಿಯ ಕೊರಳಿನ ಕೆಂಪು ಸರ. ಈ ಲೇಖನದ ಹವಳ ಅದಲ್ಲ. ರಾಮೇಶ್ವರದಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ, ಲಕ್ಷದ್ವೀಪದಲ್ಲಿ, ಅಂಡಮಾನಿನಲ್ಲಿ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀರಿನಡಿ ಬೆಳೆಯುವ ಹವಳ ಇದು. ಇದನ್ನು ಯಾರೂ ಉಂಗುರಕ್ಕೆ ಕೂರಿಸುವುದಿಲ್ಲ. ಆದರೆ ಇದಕ್ಕೆ ಕಾಯಿಲೆ ಬರುತ್ತದೆ. ಬಂದ ಕಾಯಿಲೆ ಯಾವುದು ಎಂದು ಹೇಳುವುದು ಎಷ್ಟು ಕಷ್ಟವೆಂದರೆ, ಅದಕ್ಕಾಗಿ ಬೇರೆಯದೇ ಬಗೆಯ ಒಂದು ಸಂಗ್ರಹಾಲಯ ಬೇಕಾಗಿದೆ.

ಕಲ್ಲಲ್ಲ, ಕಲ್ಲು ಕಟ್ಟುವ ಜೀವ

ಕಾರಿನಷ್ಟು ದೊಡ್ಡ ಹವಳದ ಗುಂಡಿನಲ್ಲಿ ಜೀವವಿರುವುದು ಮೇಲಿನ ಕೆಲವೇ ಮಿಲಿಮೀಟರ್ ಪದರದಲ್ಲಿ. ಮರದ ತೊಗಟೆಯಡಿಯ ಹಸಿಯ ಹಾಗೆ. ಒಳಗಿನದೆಲ್ಲ ಸುಣ್ಣದ ಕಲ್ಲು, ಹಿಂದಿನ ವರ್ಷಗಳು ಕಟ್ಟಿ ಬಿಟ್ಟುಹೋದ ಮನೆ. ಆ ತೆಳು ಪದರದಲ್ಲಿ ಪಾಲಿಪ್ ಎಂಬ ಸಾವಿರಾರು ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ. ಬಿಸಿಲು ಕುಡಿದು ಅಡುಗೆ ಮಾಡುವವು ಅವು. ಹವಳಕ್ಕೆ ಬಣ್ಣ ಬರುವುದೂ ಬಹುಪಾಲು ಅವುಗಳಿಂದಲೇ.

ಗುಂಡುಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಕಪ್ಪು ಪಟ್ಟಿ ರೋಗ ಎಂಬುದೊಂದಿದೆ. ಅದು ದಿನಕ್ಕೆ ಕೆಲವು ಮಿಲಿಮೀಟರ್, ಒಮ್ಮೊಮ್ಮೆ ಒಂದು ಸೆಂಟಿಮೀಟರ್‌ವರೆಗೂ ಹವಳದ ಮೈಯನ್ನು ತಿನ್ನುತ್ತಾ ಸರಿಯುತ್ತದೆ. ಬೆಳವಣಿಗೆಯ ಲೆಕ್ಕ ವರ್ಷದಲ್ಲಿ, ಸಾವಿನ ಲೆಕ್ಕ ದಿನದಲ್ಲಿ.

ಆರ್ನ್‌ಫ್ರೀಡ್ ಆಂಟೋನಿಯಸ್ ಎಂಬ ವಿಜ್ಞಾನಿ ಈ ಕಪ್ಪು ಪಟ್ಟಿಯನ್ನು ಮೊದಲು ವಿವರಿಸಿದ್ದು 1973ರಲ್ಲಿ, ಕೆರಿಬಿಯನ್ ಕಡೆಯ ಹವಳಗಳಲ್ಲಿ. ಅಂದರೆ ಹವಳದ ವೈದ್ಯಶಾಸ್ತ್ರಕ್ಕೆ ಐವತ್ತು ಚಿಲ್ಲರೆ ವರ್ಷ. ನಮ್ಮಲ್ಲಿ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 1991ರಲ್ಲೇ ಅಂಡಮಾನಿನ ಹವಳಗಳಲ್ಲಿ ಶಿಲೀಂಧ್ರ ಹೊಕ್ಕಿರುವುದನ್ನು ವರದಿ ಮಾಡಿದ್ದರು. 1999ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಭಾರತದ ಹವಳಗಳ ರೋಗದ ಬಗ್ಗೆ ಬರೆದರು. ಆಮೇಲೆ ಕವರತ್ತಿಯ ಹವಳಗಳಲ್ಲಿ ಗುಲಾಬಿ ಗೆರೆಯ ರೋಗ ಕಂಡಿತು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಗಳಲ್ಲಿ ಬಿಳಿ ಪಟ್ಟಿ, ಕಪ್ಪು ಪಟ್ಟಿ, ಗುಲಾಬಿ ಚುಕ್ಕೆಗಳು ಸಮೀಕ್ಷೆಯ ಪುಟ ಸೇರಿದವು.

ಪಟ್ಟಿ, ಗೆರೆ, ಚುಕ್ಕೆ. ಗಮನಿಸಿ, ಇವೆಲ್ಲ ಕಣ್ಣಿಗೆ ಕಂಡದ್ದರ ಹೆಸರುಗಳು, ಕಾರಣದ ಹೆಸರುಗಳಲ್ಲ.

ಕೊಳೆರೋಗದ ಪಾಠ

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುತ್ತಿತ್ತು, ಮಲೆನಾಡಿನವರು ‘ಕೊಳೆ’ ಎಂದರು. ಕಂಡದ್ದಕ್ಕೆ ಹೆಸರಾಯಿತು, ಮದ್ದಾಗಲಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಬೂಷ್ಟಿನಂಥ ಒಂದು ಜೀವಿಯೇ ಕಾರಣವೆಂದು ತೋರಿಸಿ 1910ರಲ್ಲಿ ಪ್ರಕಟಿಸಿದ ಮೇಲೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ತೋಟ ಹತ್ತಿತು. ಹವಳದ ಹೆಚ್ಚಿನ ರೋಗಗಳು ಇವತ್ತಿಗೂ ಕೋಲ್ಮನ್‌ಗಿಂತ ಹಿಂದಿನ ಕಾಲದಲ್ಲಿವೆ.

ಕೋಲ್ಮನ್‌ಗೆ ಒಂದು ಅನುಕೂಲವಿತ್ತು. ರೋಗದ ಎಲೆ, ಕಾಯಿಯನ್ನು ಒಣಗಿಸಿಟ್ಟರೆ ರೋಗಾಣುವೂ ಅದರ ಜೊತೆಗೇ ಉಳಿಯುತ್ತದೆ. ಇ.ಜೆ. ಬಟ್ಲರ್ 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುಮಾಡಿದ, ಈಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿರುವ ಶಿಲೀಂಧ್ರ ಸಂಗ್ರಹ ನಿಂತಿರುವುದು ಈ ತತ್ವದ ಮೇಲೆಯೇ. ಹವಳವನ್ನು ಒಣಗಿಸಿದರೆ ಉಳಿಯುವುದು ಕಲ್ಲು. ಕಾಯಿಲೆ ಇದ್ದ ಮೈ ನೀರಿನ ಜೊತೆ ಹೋಗಿಬಿಡುತ್ತದೆ.

ಹವಳಕ್ಕೆ ತನ್ನ ನೋವು ಹೇಳಿಕೊಳ್ಳಲು ಇರುವ ಮಾತುಗಳೂ ಕಡಿಮೆ. ಏನಾದರೂ ಅದು ಬೆಳ್ಳಗಾಗುತ್ತದೆ. ನೀರು ಬಿಸಿಯಾದಾಗ ಪಾಚಿಗಳನ್ನು ಹೊರಹಾಕಿದರೂ ಬಿಳಿ. ಆಗ ಮೈ ಇದೆ, ಬಣ್ಣವಿಲ್ಲ, ನೀರು ತಣಿದರೆ ಬದುಕಲೂಬಹುದು. ರೋಗದಿಂದ ಅಂಗಾಂಶ ಕಳಚಿಹೋದರೂ ಬಿಳಿ. ಆಗ ಕಾಣುವುದು ಬೋಳು ಕಲ್ಲು. ಮುಳ್ಳಿನ ನಕ್ಷತ್ರಮೀನೋ ಬಸವನಹುಳುವೋ ತಿಂದು ಹೋದರೂ ಬಿಳಿಯೇ. ಪಾಕ್ ಕೊಲ್ಲಿಯಲ್ಲಿ ಹವಳವನ್ನು ಕಪ್ಪಗೆ ಆವರಿಸಿ ಕೊಲ್ಲುವ ಟರ್ಪಿಯೋಸ್ ಎಂಬ ಸ್ಪಂಜು ಪತ್ತೆಯಾಗಿದೆ. ಬೇರೆ ಸಮುದ್ರಗಳಲ್ಲಿ ಅದನ್ನು ‘ಕಪ್ಪು ರೋಗ’ ಎಂದೇ ಕರೆದದ್ದುಂಟು. ಅದು ರೋಗವೇ ಅಲ್ಲ, ಜಾಗಕ್ಕಾಗಿ ಜಗಳ.

ಮುಳುಗುಗಾರನ ಕಣ್ಣಿಗೆ ಇವೆಲ್ಲ ಒಂದು ಹಂತದವರೆಗೆ ಮಾತ್ರ ಬೇರೆಬೇರೆ. ಅಲ್ಲಿಂದ ಮುಂದೆ ತುಣುಕು ಬೇಕು, ಸ್ಲೈಡ್ ಬೇಕು, ಹೋಲಿಸಿ ನೋಡಲು ಹಳೆಯ ಸ್ಲೈಡೂ ಬೇಕು.

ಎಗ್ಮೋರಿನ ಮೂಳೆಗಳು

ಹೋಲಿಕೆಗೆ ಚೆನ್ನೈಯಲ್ಲಿ ಏನಿದೆ? ಇದ್ದದ್ದು ಕಡಿಮೆಯೇನಲ್ಲ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1851ರಲ್ಲಿ. 1885ರಿಂದ ಅದರ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್‌ನನ್ನು ನಾವು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳಿಂದ ಬಲ್ಲೆವು. ಜನರ ತಲೆ ಅಳೆಯುವ ಮೊದಲು ಆತ ರಾಮೇಶ್ವರದ ಸುತ್ತ ಮುತ್ತು, ಶಂಖ, ಹವಳ ಹುಡುಕಿ ಅಲೆದವನು. ಅವನ ನಂತರ ಎಫ್.ಎಚ್. ಗ್ರೇವ್ಲಿಯವರ ಕಾಲದಲ್ಲಿ, 1927ರಲ್ಲಿ, ಪಾಂಬನ್ ಹತ್ತಿರದ ಕ್ರುಸಡೈ ದ್ವೀಪದ ದಡದ ಜೀವಿಗಳ ಬಗ್ಗೆ ಇದೇ ಸಂಗ್ರಹಾಲಯ ಒಂದು ಸಂಪುಟ ತಂದಿತು.

ಇವರೆಲ್ಲ ಕೆಲಸ ಮಾಡಿದ್ದು ಒಂದೇ ಪ್ರಶ್ನೆ ಹಿಡಿದು: ಇದು ಯಾವ ಪ್ರಭೇದ? ಹವಳದ ಪ್ರಭೇದ ಗುರುತಿಸುವುದು ಕಲ್ಲಿನ ಮೇಲಿನ ಹೂವಿನಂಥ ಗುಳಿಗಳನ್ನು ನೋಡಿ. ಮಾಂಸ ಅಡ್ಡ ಬರುತ್ತದೆ. ಆದ್ದರಿಂದ ತಂದ ತಕ್ಷಣ ತೊಳೆದು, ಬೆಳ್ಳಗೆ ಮಾಡಿ, ಒಣಗಿಸಿ, ಚೀಟಿ ಅಂಟಿಸಿದರು. ತಪ್ಪೇನಿಲ್ಲ, ಆ ಪ್ರಶ್ನೆಗೆ ಅದೇ ದಾರಿ. ಸ್ಯಾಂಥೋಮ್ ಹೈ ರೋಡಿನಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಸಾಗರ ಜೀವವಿಜ್ಞಾನ ಕೇಂದ್ರವಿದೆ. ಸರ್ವೇಕ್ಷಣಾಲಯ 2003ರಲ್ಲಿ ಪ್ರಕಟಿಸಿದ ಭಾರತದ ಗಟ್ಟಿ ಹವಳಗಳ ಕೈಪಿಡಿಯೂ ಈ ಪರಂಪರೆಯ ಫಲವೇ. ಮನ್ನಾರ್ ಕೊಲ್ಲಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಹವಳಗಳಿವೆ ಎಂದು ಇವತ್ತು ಹೇಳಲು ಸಾಧ್ಯವಾಗಿರುವುದು ಹವಳದ ಮೂಳೆಗಳಾದ ಆ ಒಣ ಕಲ್ಲುಗಳಿಂದ.

ಆದರೆ ‘ಇದಕ್ಕೆ ಆಗ ಏನು ಕಾಯಿಲೆಯಿತ್ತು?’ ಎಂದು ಮೂಳೆಯನ್ನು ಕೇಳಿದರೆ ಅದು ಹೆಚ್ಚು ಹೇಳಲಾರದು. ಊರಿನ ಎಲ್ಲ ಮನೆಗಳ ನಕ್ಷೆ ಇಟ್ಟುಕೊಂಡು, ಅಲ್ಲಿದ್ದವರ ಜ್ವರದ ಲೆಕ್ಕ ತೆಗೆಯಲು ಕೂತ ಹಾಗಾಗುತ್ತದೆ.

ಮಾಂಸ ಉಳಿಸಿದವರಿಗೆ ಏನು ಸಿಕ್ಕಿತೆಂಬುದಕ್ಕೆ ಕಪ್ಪೆಯ ಕಥೆಯೊಂದಿದೆ. ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಶಿಲೀಂಧ್ರವನ್ನು ವಿಜ್ಞಾನಿಗಳು ಗುರುತಿಸಿದ್ದು 1990ರ ದಶಕದ ಕೊನೆಯಲ್ಲಿ. ಅನಂತರ ಸಂಗ್ರಹಾಲಯಗಳ ಹಳೆಯ ಜಾಡಿಗಳಿಂದ ಕಪ್ಪೆಯ ಚರ್ಮ ತೆಗೆದು ನೋಡಿದರೆ, ದಕ್ಷಿಣ ಆಫ್ರಿಕಾದ 1938ರ ಕಪ್ಪೆಯೊಂದರಲ್ಲಿ ಅದು ಇತ್ತು. ಜಾಡಿಗೆ ಹಾಕಿದವನಿಗೆ ಆ ಶಿಲೀಂಧ್ರದ ಹೆಸರೂ ಗೊತ್ತಿರಲಿಲ್ಲ. ಅವನು ಮಾಡಿದ್ದಿಷ್ಟೆ: ಕಪ್ಪೆಯನ್ನು ಇಡಿಯಾಗಿ ಇಟ್ಟ, ಚೀಟಿಯಲ್ಲಿ ಊರು, ವರ್ಷ ಬರೆದ.

ಒಂದು ಹವಳ, ಹಲವು ಡಬ್ಬಿ

ಹಾಗಾದರೆ ಕಾಯಿಲೆಯ ಹವಳವನ್ನು ಇಡುವುದು ಹೇಗೆ? ಒಂದೇ ಜಾಡಿಯಲ್ಲಿ ಆಗದು, ಅಲ್ಲೇ ಇರುವುದು ಕಷ್ಟ.

ಮೊದಲು ಎಲ್ಲಿಂದ ಕೀಳಬೇಕು ಎಂಬುದು. ಪೂರ್ತಿ ಸತ್ತ ಭಾಗದಿಂದ ಪ್ರಯೋಜನವಿಲ್ಲ, ಅಲ್ಲಿ ಆಗಲೇ ಪಾಚಿ, ಹುಳು ಸಂಸಾರ ಹೂಡಿರುತ್ತವೆ. ಬೇಕಾದದ್ದು ಸಾವು ಮತ್ತು ಜೀವ ಕೂಡುವ ಗೆರೆ. ಅದೇ ಹವಳದ, ಕಾಯಿಲೆ ಇನ್ನೂ ತಲುಪಿರದ ಮೂಲೆಯಿಂದ ಇನ್ನೊಂದು ತುಣುಕು. ಪಕ್ಕದ ಆರೋಗ್ಯವಂತ ಹವಳದಿಂದ ಮತ್ತೊಂದು. ಆರೋಗ್ಯ ಹೇಗಿರುತ್ತದೆಂದು ಗೊತ್ತಿಲ್ಲದೆ ಕಾಯಿಲೆ ಓದಲಾಗದು. ಮುಳುಗುವಾಗ ಆರೋಗ್ಯವಂತನ ಬಳಿ ಮೊದಲು ಹೋಗಬೇಕು, ರೋಗಿಯ ಬಳಿ ಕೊನೆಗೆ. ಕೈಗವಸು, ಉಳಿ, ಸುತ್ತಿಗೆ ಎಲ್ಲವೂ ರೋಗ ಹೊತ್ತೊಯ್ಯಬಲ್ಲವು.

ಆಮೇಲೆ ಹೇಗೆ ಕೆಡದಂತೆ ಇಡಬೇಕು ಎಂಬುದು. ಅಂಗಾಂಶದ ರಚನೆ ನೋಡಬೇಕಾದರೆ ಫಾರ್ಮಲಿನ್ ಬೇಕು. ಆದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಡಿಎನ್‌ಎ ಬೇಕಾದರೆ ಮದ್ಯಸಾರ, ಇಲ್ಲವೇ ಮೈನಸ್ 80 ಡಿಗ್ರಿಯ ಫ್ರೀಜರ್. ಬ್ಯಾಕ್ಟೀರಿಯಾವನ್ನು ಜೀವಂತ ಬೆಳೆಸಬೇಕಾದರೆ ಎರಡೂ ಕೂಡದು. ತುಣುಕು ತಾಜಾ ಇರುವಾಗಲೇ ತಟ್ಟೆಗೆ ಸವರಬೇಕು. ಹೀಗೆ ಬೆಳೆಸಿದ ತಳಿಗಳನ್ನು ಕಾಪಿಡಲು ಚಂಡೀಗಢದ ಸೂಕ್ಷ್ಮಜೀವಿ ಸಂಶೋಧನಾ ಸಂಸ್ಥೆ ಇಮ್‌ಟೆಕ್‌ನಂಥ ಕಡೆ ಬೇರೆಯೇ ವ್ಯವಸ್ಥೆಯಿದೆ. ಪ್ರಭೇದ ಖಚಿತಪಡಿಸಲು ಥರ್ಸ್ಟನ್ ಮಾಡಿದ ಹಾಗೆ ಒಂದು ಒಣ ಮೂಳೆಯೂ ಬೇಕೇ ಬೇಕು. ಅಂದರೆ ಒಂದು ರೋಗಿ ಹವಳ ಕಪಾಟಿನ ನಾಲ್ಕೈದು ಕಡೆ ಹಂಚಿಹೋಗುತ್ತದೆ. ಎಲ್ಲ ಡಬ್ಬಿಗಳಿಗೂ ಒಂದೇ ಸಂಖ್ಯೆ ಇಲ್ಲದಿದ್ದರೆ ಅದು ಸಂಗ್ರಹವಲ್ಲ, ಗುಜರಿ.

ಫಾರ್ಮಲಿನ್ ತುಣುಕಿನ ದಾರಿ ನಿಧಾನದ್ದು. ಮೊದಲು ಸುಣ್ಣದ ಕಲ್ಲನ್ನು ಮೆಲ್ಲಗೆ ಕರಗಿಸಬೇಕು. ಆತುರಪಟ್ಟು ಕಟು ಆಮ್ಲ ಸುರಿದರೆ ಗುಳ್ಳೆಯೆದ್ದು ಮೈಯೂ ಹರಿಯುತ್ತದೆ. ಕಲ್ಲು ಹೋದ ಮೇಲೆ ಉಳಿಯುವುದು ಒದ್ದೆ ಕಾಗದದಂಥ ಪೊರೆ. ಅದನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲು ದಪ್ಪಕ್ಕೆ ಸೀಳಿ, ಬಣ್ಣ ಹಾಕಿದರೆ ಕೋಶದ ನಡುಬೀಜ ನೇರಳೆ, ಉಳಿದದ್ದು ಗುಲಾಬಿ. ಆಸ್ಪತ್ರೆಯಲ್ಲಿ ಗಡ್ಡೆಯ ತುಣುಕನ್ನು ಬಯಾಪ್ಸಿಗೆ ಕಳಿಸಿದರೆ ಮಾಡುವುದೂ ಇದನ್ನೇ. ಈ ಮೇಣದ ಬಿಲ್ಲೆಯಲ್ಲಿ ಒಂದು ಸೊಗಸಿದೆ. ಒಂದು ಬಿಲ್ಲೆಯಿಂದ ನೂರಾರು ಸೀಳು ತೆಗೆಯಬಹುದು, ದಶಕಗಟ್ಟಲೆ ಇಡಬಹುದು, ಕರೆಂಟ್ ಬೇಡ, ಚೆನ್ನೈನವರು ‘ಕತ್ತರಿ’ ಎನ್ನುವ ಕಡುಬೇಸಿಗೆಯ ಬಿಸಿಲಿಗೂ ಅದು ಕರಗದು.

ಫ್ರೀಜರಿನ ಕಥೆ ಹಾಗಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚ್ಚೇರಿ, ಪಳ್ಳಿಕರಣೆ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಮನೆಯ ಫ್ರಿಜ್ಜಿನ ಹಾಲು ಒಡೆದರೆ ಮರುದಿನ ಬೇರೆ ಹಾಲು ಬರುತ್ತದೆ. 2016ರ ಬೇಸಿಗೆಯಲ್ಲಿ ಬೆಳ್ಳಗಾದ ಹವಳದ ತುಣುಕು ಕರಗಿದರೆ ಆ ಬೇಸಿಗೆ ಮತ್ತೆ ಬಾರದು. ಈ ಊರಿನಲ್ಲಿ ಮಾದರಿ ಭಂಡಾರ ಕಟ್ಟುವವರು ಸೂಕ್ಷ್ಮದರ್ಶಕಕ್ಕಿಂತ ಮೊದಲು ಜನರೇಟರನ್ನೂ ಎರಡನೇ ಮಹಡಿಯನ್ನೂ ಯೋಚಿಸುವುದು ಒಳ್ಳೆಯದು. ಫ್ರೀಜರಿನಲ್ಲಿರುವುದರ ಅರ್ಧವನ್ನು ಬೇರೆ ಊರಿನಲ್ಲಿ ಇಡುವುದು ಇನ್ನೂ ಒಳ್ಳೆಯದು.

ನಿಮ್ಹಾನ್ಸ್ ಮಾಡಿದ್ದು

ಕಾಯಿಲೆಯ ಅಂಗಾಂಶವನ್ನು ಎಲ್ಲ ಸಂಶೋಧಕರಿಗಾಗಿ ಇಡುವುದು ಹೊಸ ವಿಚಾರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಡಾ. ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ್ದು. ಅಲ್ಲಿ ರೋಗ ಬಂದ ಮಿದುಳಿನಷ್ಟೇ ಬೆಲೆ ರೋಗವಿಲ್ಲದ ಮಿದುಳಿಗೂ ಇದೆ. ಹೋಲಿಕೆ ಇಲ್ಲದೆ ಯಾವುದೂ ಅರ್ಥವಾಗದು.

ಅಮೆರಿಕದಲ್ಲಿ ಕ್ಯಾನ್ಸರ್ ಸಂಶೋಧಕರು 1965ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಮೀನು, ಕಪ್ಪೆ, ಚಿಪ್ಪಿನ ಜೀವಿಗಳಲ್ಲಿ ಕಾಣುವ ಗಡ್ಡೆಗಳನ್ನೆಲ್ಲ ಒಂದೆಡೆ ನೋಂದಾಯಿಸುವ ಕೆಲಸ ಶುರುಮಾಡಿದರು. ಯಾರಾದರೂ ವಿಚಿತ್ರ ಮೀನು ಹಿಡಿದರೆ ಅಲ್ಲಿಗೆ ಕಳಿಸಬಹುದಿತ್ತು. ಹವಳದ ಅಂಗಾಂಶವನ್ನು ಸ್ಲೈಡಿನ ಮೇಲೆ ಓದುವುದರಲ್ಲಿ ಹೆಸರಾದ ಎಸ್ತರ್ ಪೀಟರ್ಸ್ ಆ ನೋಂದಣಿ ಕೇಂದ್ರದಲ್ಲಿ ದುಡಿದವರು. ಮುಂದೆ ಅದೇ ಮಾದರಿಯಲ್ಲಿ ಮೇರಿಲ್ಯಾಂಡಿನ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿನ ಪ್ರಯೋಗಾಲಯದಲ್ಲಿ ಹವಳದ ರೋಗಗಳಿಗೇ ಒಂದು ಅಂತರರಾಷ್ಟ್ರೀಯ ನೋಂದಣಿ ಹುಟ್ಟಿತು.

ಇಂಥ ಸಂಗ್ರಹ ಯಾಕೆ ಬೇಕೆಂದು ಫ್ಲಾರಿಡಾದ ಎರಡು ಘಟನೆಗಳು ಹೇಳುತ್ತವೆ. ಮೊದಲನೆಯದು ಬಿಳಿ ಸಿಡುಬು. 1990ರ ದಶಕದಲ್ಲಿ ಅಲ್ಲಿನ ಜಿಂಕೆಗೊಂಬಿನಂಥ ದೊಡ್ಡ ಹವಳಗಳ ಮೇಲೆ ಬಿಳಿ ಮಚ್ಚೆಗಳೆದ್ದವು. ಸೆರಾಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು 2002ರಲ್ಲಿ ವರದಿಯಾಯಿತು. ಅದು ಮನುಷ್ಯರ ಕರುಳಿನಲ್ಲೂ ಇರುವಂಥದ್ದು. ಹವಳದಿಂದ ತೆಗೆದಿಟ್ಟ ತಳಿಯನ್ನೂ ಕೊಳಚೆ ನೀರಿನ ತಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮನುಷ್ಯರ ಕೊಳಚೆಯ ತಳಿಯೇ ಹವಳಕ್ಕೆ ರೋಗ ತರಬಲ್ಲದು ಎಂದು 2011ರಲ್ಲಿ ತೋರಿಸಿದರು. ಕೂವಂ, ಅಡ್ಯಾರ್ ನದಿಗಳ ಮೇಲಿನ ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುವವರಿಗೆ ಇದು ದೂರದ ಸುದ್ದಿಯಲ್ಲ. ಆಮೇಲೊಂದು ತಿರುವು: ನಂತರದ ವರ್ಷಗಳ ರೋಗಿ ಹವಳಗಳಲ್ಲಿ ಅದೇ ಬ್ಯಾಕ್ಟೀರಿಯಾ ಸಿಗಲಿಲ್ಲ. ಲಕ್ಷಣ ಒಂದೇ, ಕಾರಣ ಬದಲಾಗಿರಬಹುದು. ಹಳೆಯ ಮಾದರಿ ಇಲ್ಲದಿದ್ದರೆ ಈ ಅನುಮಾನವೇ ಹುಟ್ಟುತ್ತಿರಲಿಲ್ಲ.

ಎರಡನೆಯದು 2014ರಲ್ಲಿ ಮಯಾಮಿ ಬಳಿ ಶುರುವಾಗಿ ಕೆರಿಬಿಯನ್ ತುಂಬ ಹಬ್ಬಿದ, ಇಪ್ಪತ್ತಕ್ಕೂ ಹೆಚ್ಚು ಬಗೆಯ ಹವಳಗಳ ಮೈ ಕಳಚುವ ರೋಗ. ಮುಳುಗುಗಾರರು ನೀರಿನಡಿ ಹೋಗಿ ಹವಳಕ್ಕೆ ಅಮಾಕ್ಸಿಸಿಲಿನ್ ಬೆರೆಸಿದ ಮುಲಾಮು ಹಚ್ಚುತ್ತಾರೆ. ನಮ್ಮ ಮಕ್ಕಳ ಗಂಟಲುನೋವಿಗೆ ಬರೆದುಕೊಡುವ ಅದೇ ಔಷಧ. ಹಲವು ಕಡೆ ರೋಗ ನಿಲ್ಲುತ್ತದೆ. ಮೂಲ ಕಾರಣದ ಬಗ್ಗೆ ಮಾತ್ರ ತಜ್ಞರಲ್ಲಿ ಒಮ್ಮತವಿಲ್ಲ.

ಹುಲಿಗಿರುವ ಕಾನೂನು

ನಮ್ಮಲ್ಲಿ ತುಣುಕು ಹಂಚಿಕೊಳ್ಳಲೇಬೇಕಾದ ಇನ್ನೊಂದು ಕಾರಣವಿದೆ. ಒಂದು ಕಾಲಕ್ಕೆ ಮನ್ನಾರ್ ಕೊಲ್ಲಿಯ ಹವಳವನ್ನು ದೋಣಿಗಟ್ಟಲೆ ಕಿತ್ತು ಸುಣ್ಣದ ಗೂಡಿಗೆ, ಮನೆಯ ಗೋಡೆಗೆ ಹಾಕುತ್ತಿದ್ದರು. 1986ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಬಂತು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ಕರ್ನಾಟಕದಲ್ಲಿ ಕೇಸು ಬಿದ್ದಾಗ ಎಷ್ಟು ಮನೆಗಳಲ್ಲಿ ಬೀರು ತೆರೆದು ನೋಡಿಕೊಂಡರೋ! ಸಮುದ್ರದ ದಡದಿಂದ ತಂದ ಹವಳದ ಚೂರು ಶೋಕೇಸಿನಲ್ಲಿದ್ದರೆ ಅದೂ ಸಣ್ಣ ಮಾತಲ್ಲ.

ಸಂಶೋಧಕರಿಗೂ ವಿನಾಯಿತಿ ಸುಲಭವಲ್ಲ. ಹೆಬ್ಬೆರಳಿನಷ್ಟು ತುಣುಕಿಗೂ ಅನುಮತಿಯ ಕಡತ ಓಡಾಡಬೇಕು. ಹಾಗಿರುವುದೇ ಸರಿ ಎನ್ನುತ್ತೇನೆ, ಕಾಯಿಲೆಯವನ ಮೈಯಿಂದ ಪ್ರತಿ ಪ್ರಯೋಗಾಲಯವೂ ಬೇರೆಬೇರೆಯಾಗಿ ಚೂರು ಕೀಳುವುದು ಚಿಕಿತ್ಸೆಯಲ್ಲ. ಆದರೆ ಅಷ್ಟು ಕಷ್ಟಪಟ್ಟು ಪಡೆದ ತುಣುಕು ಒಬ್ಬರ ಪಿಎಚ್.ಡಿ. ಮುಗಿದ ಮೇಲೆ ಹೆಸರಿಲ್ಲದ ಡಬ್ಬಿಯಾಗಿ ಫ್ರೀಜರಿನ ತಳ ಸೇರುವುದಾದರೆ ಕಾನೂನು ಉಳಿಸಿದ್ದೇನು?

ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ, ಅದನ್ನು ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರ 2003ರಿಂದ ಇರುವುದು ಚೆನ್ನೈನಲ್ಲೇ. ಆ ಕಾಯ್ದೆಯ 39ನೇ ಕಲಮಿನಡಿ ಕೆಲವು ಸಂಸ್ಥೆಗಳನ್ನು ಅಧಿಕೃತ ಭಂಡಾರಗಳೆಂದು ಹೆಸರಿಸಿದ್ದಾರೆ. ಪ್ರಾಣಿ ಸರ್ವೇಕ್ಷಣಾಲಯ, ಗೋವಾದ ಸಮುದ್ರವಿಜ್ಞಾನ ಸಂಸ್ಥೆ ಅದರಲ್ಲಿವೆ. ಹೊಸ ಪ್ರಭೇದ ಕಂಡವರು ಅದರ ಮಾದರಿಯನ್ನು ಅಂಥ ಕಡೆ ಒಪ್ಪಿಸಲೇಬೇಕು. ಹಳೆಯ ಪ್ರಭೇದದ ಹೊಸ ಕಾಯಿಲೆಗೆ ಆ ಕಲಮಿನಲ್ಲಿ ಅಂಥ ಕಡ್ಡಾಯ ಇಲ್ಲ. ಥರ್ಸ್ಟನ್ ಕಾಲದ ಪ್ರಶ್ನೆಯನ್ನೇ ಕಾನೂನೂ ಕೇಳುತ್ತಿದೆ: ಇದು ಯಾವ ಪ್ರಭೇದ?

ಬೀಗದ ಕೈ ಯಾರ ಬಳಿ

ಫಾರ್ಮಲಿನ್, ಮೇಣ, ಫ್ರೀಜರ್ ದುಡ್ಡಿಗೆ ಸಿಗುತ್ತವೆ. ಸಿಗದಿರುವುದು ನಂಬಿಕೆ. ನನ್ನ ತುಣುಕು ಕೊಟ್ಟರೆ ನನಗಿಂತ ಮೊದಲು ಇನ್ನೊಬ್ಬರು ಪ್ರಬಂಧ ಬರೆದುಬಿಟ್ಟರೆ ಎಂಬ ಹೆದರಿಕೆ ಯುವ ಸಂಶೋಧಕರಲ್ಲಿ ಸಹಜ. ಅದನ್ನು ಸ್ವಾರ್ಥ ಎಂದು ತಳ್ಳಿಹಾಕುವವರು ಸಾಮಾನ್ಯವಾಗಿ ಕಾಯಂ ಕೆಲಸದಲ್ಲಿರುವವರು. ತಂದವರಿಗೆ ಎರಡೋ ಮೂರೋ ವರ್ಷ ಮೊದಲ ಹಕ್ಕು, ಆಮೇಲೆ ಎಲ್ಲರಿಗೂ ಮುಕ್ತ, ಬಳಸಿದವರು ತಂದವರ ಹೆಸರು ಹೇಳಲೇಬೇಕು ಎಂಬ ಸರಳ ಕರಾರು ಸಾಕು. ಸ್ಲೈಡುಗಳನ್ನು ಸ್ಕ್ಯಾನ್ ಮಾಡಿಟ್ಟರೆ ಅಂಡಮಾನಿನವರು ಚೆನ್ನೈಗೆ ಬರಬೇಕಿಲ್ಲ, ಗಾಜು ಅಂಚೆಯಲ್ಲಿ ಒಡೆಯುವುದೂ ಇಲ್ಲ. ಮೇಣದ ಬಿಲ್ಲೆ ಮಾತ್ರ ಕಪಾಟು ಬಿಟ್ಟು ಕದಲಬಾರದು.

ಚೀಟಿಯ ಬಗ್ಗೆ ಒಂದು ಮಾತು. ಜಾಡಿಯ ಹೊರಗೆ ಅಂಟಿಸಿದ ಚೀಟಿ ಚೆನ್ನೈನ ತೇವಕ್ಕೆ ಎರಡು ಮಳೆಗಾಲದಲ್ಲಿ ಉದುರುತ್ತದೆ. ಪೆನ್ನಿನ ಬರಹ ಮದ್ಯಸಾರದಲ್ಲಿ ಕರಗುತ್ತದೆ. ಆದ್ದರಿಂದ ಹಳಬರು ದಪ್ಪ ಕಾಗದದ ಮೇಲೆ ಸೀಸದ ಕಡ್ಡಿಯಲ್ಲಿ ಬರೆದು ಜಾಡಿಯ ಒಳಗೇ ಹಾಕುತ್ತಾರೆ. ಪ್ರಭೇದ, ದಿನ, ಜಾಗ, ಆಳ, ನೀರಿನ ಉಷ್ಣತೆ, ಮೈ ಎಷ್ಟು ಭಾಗ ಹೋಗಿತ್ತು, ಯಾವ ದ್ರವದಲ್ಲಿ ಎಷ್ಟು ಹೊತ್ತು ಇತ್ತು, ಅನುಮತಿಯ ಸಂಖ್ಯೆ. ಮೈನಸ್ 80ರ ಯುಗದಲ್ಲೂ ಇದಕ್ಕೆ ನಟರಾಜ್ ಪೆನ್ಸಿಲ್ಲೇ ಗತಿ.

ನೇತ್ರಾಣಿಯ ಫೋಟೊ

2024ರ ಏಪ್ರಿಲಿನಲ್ಲಿ ಜಗತ್ತಿನ ಹವಳಗಳು ನಾಲ್ಕನೇ ಬಾರಿಗೆ ಒಟ್ಟೊಟ್ಟಿಗೆ ಬೆಳ್ಳಗಾಗುತ್ತಿವೆ ಎಂದು ಘೋಷಣೆಯಾಯಿತು. ಲಕ್ಷದ್ವೀಪವೂ ಆ ಬೇಸಿಗೆ ಬಿಳುಚಿತು. ಬಿಸಿಯಿಂದ ಸೊರಗಿದ ಹವಳಕ್ಕೆ ರೋಗ ಬೇಗ ತಗಲುತ್ತದೆ, ಜ್ವರ ಬಿಟ್ಟ ಮಗುವಿಗೆ ಕೆಮ್ಮು ಹಿಡಿದ ಹಾಗೆ. ಬೆಳ್ಳಗಾದ ಸುದ್ದಿ ಪತ್ರಿಕೆಗೆ ಬಂದು ಹೋದ ಮೇಲಿನ ತಿಂಗಳುಗಳಲ್ಲೇ ಮುಳುಗಿ ನೋಡಬೇಕಾದ ಕೆಲಸ ಹೆಚ್ಚು.

ಮಳೆಗಾಲ ಕಳೆದು ನೀರು ತಿಳಿಯಾದರೆ ಬೆಂಗಳೂರಿನ ಹುಡುಗ ಹುಡುಗಿಯರು ಶನಿವಾರ ಭಾನುವಾರ ನೇತ್ರಾಣಿಯಲ್ಲಿ ಮುಳುಗಲು ಮುರ್ಡೇಶ್ವರದ ಬಸ್ಸು ಹತ್ತುತ್ತಾರೆ. ಅಲ್ಲಿ ಯಾರಿಗಾದರೂ ಹವಳದ ಮೇಲೆ ಬಿಳಿ ಕಲೆ ಕಂಡರೆ ಮುಟ್ಟುವುದು ಬೇಡ, ಕೀಳುವುದಂತೂ ಬೇಡವೇ ಬೇಡ. ಮೊದಲು ದೂರದಿಂದ ಇಡೀ ಹವಳ ಬರುವಂತೆ ಒಂದು ಫೋಟೊ, ಆಮೇಲೆ ಕಲೆಯ ಅಂಚು ಕಾಣುವಂತೆ ಹತ್ತಿರದಿಂದ ಇನ್ನೊಂದು. ಅಳತೆ ತಿಳಿಯಲು ಪಕ್ಕದಲ್ಲಿ ಏನಾದರೂ ಹಿಡಿದಿರಬೇಕು, ಒಂದು ಪೆನ್ಸಿಲ್ ಆದರೂ ಆದೀತು. ಮೇಲೆ ಬಂದ ಕೂಡಲೇ ಕೈಗಡಿಯಾರ ತೋರಿಸಿದ ಆಳವನ್ನೂ ದಿನಾಂಕವನ್ನೂ ಬರೆದುಕೊಳ್ಳಬೇಕು, ದೋಣಿಯಲ್ಲಿ ಚಹಾ ಕುಡಿಯುವುದಕ್ಕಿಂತ ಮೊದಲು.